ನನಗೆ ಕಿತ್ತಳೆ ಬೇಡ

ಜನವರಿ ೯, ಶುಕ್ರವಾರ

ಡಾಕ್ಟರಮ್ಮ ಒಂದು ಪುಸ್ತಕ ಇಡಲು ಹೇಳಿದ್ದಾರೆ. ತಿಂದದ್ದೇನು, ತಿಂದ ಮೇಲೆ ಆದದ್ದೇನು, ಎರಡನ್ನೂ ಬರೆಯಬೇಕಂತೆ. ಬರೆಯುತ್ತೇನೆ. ಆದರೆ ಮೇಯ್ದದ್ದನ್ನು ಮಾತ್ರ ಬರೆದಿಡಲು ನಾನೇನು ಹಸುವಲ್ಲ, ಮಿಕ್ಕದ್ದನ್ನೂ ಬರೆಯುತ್ತೇನೆ. ತೋರಿಸು ಎಂದಾಗ ಬೇಕಾದ ಸಾಲುಗಳನ್ನಷ್ಟೇ ಓದಿ ಹೇಳಿದರಾಯಿತು. ಈ ದೇಶದವರಿಗೆ ನನ್ನ ಲಿಪಿ ಓದಲು ಬರುವುದಿಲ್ಲ, ಅದೊಂದು ಸೌಕರ್ಯ.

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿಯಂಥ ಕಾಳುಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಹೊಟ್ಟೆಗೆ ಹೋದರೆ ನನ್ನ ಕರುಳು ತನ್ನ ಮೇಲೆ ತಾನೇ ಯುದ್ಧ ಸಾರುತ್ತದೆ. ಒಂದು ಚೂರು ಸಾಕು. ಇದಕ್ಕೆ ಔಷಧವಿಲ್ಲ, ತಿನ್ನದೇ ಇರುವುದೇ ಔಷಧ, ಅದೂ ಉಸಿರಿರುವ ತನಕ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ನನಗೀಗ ರೋಗ, ಜಗಳ ಎರಡೂ ಒಟ್ಟಿಗೆ ಒದಗಿವೆ.

ನಾನು ಕೆಲಸ ಮಾಡುವುದು ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ. ಉಜ್ಜಿ ನುಣುಪಾದ ಗಾಜನ್ನು ದೀಪಕ್ಕೆ ಹಿಡಿದು ಗೀರು ಹುಡುಕುವುದು ನನ್ನ ಪಾಲಿನದು. ಶುಕ್ರವಾರ ಸಂಜೆಯ ಟೀ ಹೊತ್ತಿಗೆ ಸರದಿಯ ಪ್ರಕಾರ ಒಬ್ಬೊಬ್ಬರು ಒಂದೊಂದು ಸಿಹಿ ತರುತ್ತಾರೆ. ಇವತ್ತು ಚಾಕೊಲೇಟ್ ಕೇಕು. ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕಿ, ಬೆರಳು ನೆಕ್ಕಿಕೊಂಡು ನಗುತ್ತಿದ್ದರು. ಪಕ್ಕದ ಮೇಜಿನವಳು ನನ್ನ ಮುಂದೆ ಒಂದು ಕಿತ್ತಳೆ ಇಟ್ಟಳು. "ಅಯ್ಯೋ ಪಾಪ, ನೀನಿದನ್ನ ತಿನ್ನೋ ಹಾಗಿಲ್ವಲ್ಲ. ನಿನಗೆ ಅಂತ ಹಣ್ಣು ತಂದಿದೀನಿ" ಎಂದಳು. ಅವಳು ಆಡಿದ್ದು ಅವಳ ಭಾಷೆಯಲ್ಲಿ. ನಾನು ಇಲ್ಲಿ ನಮ್ಮ ಭಾಷೆಯಲ್ಲಿ ಬರೆದುಕೊಳ್ಳುತ್ತೇನೆ, ಸಿಟ್ಟಾಗಲು ಇದೇ ಅನುಕೂಲ. ಇನ್ನು ಮೇಲೆ ಈ ಪುಸ್ತಕದಲ್ಲಿ ಅವಳ ಹೆಸರು ಅಯ್ಯೋಪಾಪ.

ನನಗೆ ಬೇಕಾಗಿರುವುದು ದೊಡ್ಡದೇನಲ್ಲ. ಒಂದು ತುಂಡು ಸಿಹಿ. ಎಲ್ಲರ ಜೊತೆ, ಎಲ್ಲರ ತಟ್ಟೆಯಿಂದ, ಭಯವಿಲ್ಲದೆ. ಇದು ಸಿಗದೆ ನಾನು ಬಿಡುವವಳಲ್ಲ.

ತಿಂದದ್ದು: ಕಿತ್ತಳೆ. ಆದದ್ದು: ಸಿಟ್ಟು.

ಜನವರಿ ೧೭, ಶನಿವಾರ

ರಜೆ. ಇಡೀ ದಿನ ಬೇಕರಿ ಬೇಟೆ.

ಮೊದಲನೆಯದು ನಮ್ಮ ಬೀದಿಯ ಮೂಲೆಯಲ್ಲಿ. ಗಾಜಿನ ಪೆಟ್ಟಿಗೆಯೊಳಗೆ ಒಂದು ಕೇಕಿನ ಮುಂದೆ 'ಗ್ಲುಟೆನ್ ಇಲ್ಲ' ಎಂಬ ಚೀಟಿ ಇತ್ತು. ಅದರ ಮಗ್ಗುಲಲ್ಲೇ ಬನ್ನುಗಳ ಗುಡ್ಡ. ಅಂಗಡಿಯವಳು ಬನ್ನು ಎತ್ತಿದ ಇಕ್ಕಳದಲ್ಲೇ ನನ್ನ ಕೇಕಿಗೂ ಕೈ ಹಾಕಿದಳು. "ಎರಡಕ್ಕೂ ಇದೇ ಇಕ್ಕಳನಾ?" ಎಂದೆ. "ಹೌದು, ಆದ್ರೆ ಮಧ್ಯೆ ಒರೆಸ್ತೀವಿ." "ಯಾವುದರಲ್ಲಿ?" ಅವಳು ಸೊಂಟಕ್ಕೆ ಕಟ್ಟಿಕೊಂಡ ಬಟ್ಟೆ ತೋರಿಸಿದಳು. ಅದು ಹಿಟ್ಟು ಬಳಿದು ಬೆಳ್ಳಗಿತ್ತು. ಆ ಚೀಟಿ ಕಿತ್ತುಹಾಕಿ ಎಂದು ನಾಲ್ಕು ಜನ ಗಿರಾಕಿಗಳ ಮುಂದೆಯೇ ಹೇಳಿ ಬಂದೆ.

ಎರಡನೆಯ ಅಂಗಡಿಯವನು ನಕ್ಕ. "ನನ್ನ ನಾದಿನಿಗೂ ಇದೇ ಶೋಕಿ. ಒಂಚೂರು ತಿಂದ್ರೆ ಏನೂ ಆಗಲ್ಲ." ಶೋಕಿಯವರು ತಿಂದರೆ ದಪ್ಪಗಾದೆನೆಂದು ಅಳುತ್ತಾರೆ, ನಾನು ತಿಂದರೆ ನಿನ್ನ ಅಂಗಡಿಯ ಬಾಗಿಲಲ್ಲೇ ಬೀಳುತ್ತೇನೆ, ಎತ್ತಿಕೊಂಡು ಹೋಗುತ್ತೀಯಾ ಎಂದು ಕೇಳಿದೆ. ಅವನ ನಗು ನಿಂತಿತು. ನನಗೆ ಕೇಕು ಸಿಗಲಿಲ್ಲ, ಆದರೂ ಮನಸ್ಸು ಹಗುರವಾಯಿತು.

ಕೊನೆಗೆ ದೊಡ್ಡ ಅಂಗಡಿಯಲ್ಲಿ ಮೊಹರು ಹಾಕಿದ ಬಿಸ್ಕತ್ತು ಸಿಕ್ಕಿತು. ಅದೇನೋ ನನ್ನಂಥವರಿಗೇ ಮಾಡಿದ್ದು, ಅಪಾಯವಿಲ್ಲ. ಬಾಯಿಗೆ ಹಾಕಿಕೊಂಡರೆ ಮರದ ಹೊಟ್ಟು. ಟೀಯಲ್ಲಿ ಅದ್ದಿದೆ, ಹೊಟ್ಟು ಟೀಯ ತಳಕ್ಕೆ ಹೋಗಿ ಕೂತಿತು. ಗಂಡ ರಾತ್ರಿಪಾಳಿಯ ಬಸ್ಸು ಓಡಿಸಲು ಹೊರಟಿದ್ದವನು ನನ್ನ ಮುಖ ನೋಡಿ, "ಬಿಟ್ಟುಬಿಡು ಮಾರಾಯ್ತಿ, ಒಂದು ಕೇಕಿಗೋಸ್ಕರ ಊರೆಲ್ಲ ಜಗಳ ಯಾಕೆ?" ಎಂದ. ಅವನ ಕೈಯಲ್ಲಿ ಬ್ರೆಡ್ಡಿತ್ತು. ಬ್ರೆಡ್ಡು ಹಿಡಿದವರು ನನಗೆ ಬುದ್ಧಿ ಹೇಳಬಾರದು ಎಂಬ ಕಾನೂನನ್ನು ಈ ಮನೆಯಲ್ಲಿ ಇಂದಿನಿಂದ ತಂದಿದ್ದೇನೆ.

ಜನವರಿ ೨೫, ಭಾನುವಾರ

ಹಿಟ್ಟಿನ ದೊರೆ ಬಂದಿಳಿದರು. ನನ್ನ ಮಾವ, ಗಂಡನ ಅಪ್ಪ. ಮೀಸೆ ಮೂಡುವ ಮೊದಲೇ ಬೇಕರಿ ಕೆಲಸಕ್ಕೆ ನಿಂತವರು, ಆಮೇಲೆ ಸ್ವಂತ ಬೇಕರಿ ಇಟ್ಟವರು. ಈಗ ಮೈದುನ ಹಳೆಯ ಭಟ್ಟಿ ಕೆಡವಿ ಹೊಸದು ಕಟ್ಟಿಸುತ್ತಿದ್ದಾನಂತೆ. ಅಂಗಡಿಗೆ ಬಾಗಿಲು ಹಾಕಿದ್ದನ್ನು ನೋಡಲಾರದೆ ಒಂದಷ್ಟು ದಿನ ನಮ್ಮಲ್ಲಿಗೆ ಹೊರಟುಬಂದಿದ್ದಾರೆ.

ಕೂತು ನೀರು ಕುಡಿಯುವ ಮೊದಲೇ ಪೆಟ್ಟಿಗೆ ಬಿಚ್ಚಿ ಒಂದು ಡಬ್ಬಿ ತೆಗೆದರು. ಮುಚ್ಚಳ ತೆರೆದೊಡನೆ ಬೆಣ್ಣೆ ಬಿಸ್ಕತ್ತಿನ ಘಮ ಕೋಣೆ ತುಂಬ ಹರಡಿತು. ನನ್ನ ಬಾಯಲ್ಲಿ ನೀರೂರಿದ್ದು ಸುಳ್ಳಲ್ಲ.

"ನಿನಗೇ ಅಂತ ಮಾಡಿದ್ದಮ್ಮ. ಬೆಣ್ಣೆ, ಸಕ್ಕರೆ, ಏಲಕ್ಕಿ. ಬೇರೆ ಏನೂ ಹಾಕಿಲ್ಲ."

"ಮೈದಾ?"

"ಮೈದಾ ಇಲ್ದೆ ಬಿಸ್ಕತ್ತು ಹೇಗಮ್ಮ ಆಗುತ್ತೆ? ಅದು ಹಾಕೋದಲ್ಲ, ಅದು ಇರೋದು."

ಫೋನಿನಲ್ಲಿ ಹೇಳಿದ್ದೆವು, ಮತ್ತೆ ಮತ್ತೆ ಹೇಳಿದ್ದೆವು. ಅದು ಅಂಗಡಿಯ ಹಾಳುಮೂಳು ತಿಂದವರಿಗೆ ಬರುವ ಕಾಯಿಲೆ, ಮನೆಯವರ ಕೈಯದು ತಿಂದರೆ ಏನೂ ಆಗದು ಎಂದು ಅವರು ಅರ್ಥ ಮಾಡಿಕೊಂಡಿದ್ದರಂತೆ. ಗ್ಲುಟೆನ್ ಎಂದರೆ ಹಿಟ್ಟಿನ ಅಂಟು ಎಂದು ಮಗ ವಿವರಿಸಿದ ಮೇಲೆ ಅವರ ಮುಖ ಬಿಗಿದುಕೊಂಡಿತು. "ಆ ಅಂಟು ಇಲ್ದೆ ಬ್ರೆಡ್ಡು ಏಳಲ್ಲ. ನಿನ್ನ ಗಂಡನ್ನ ಸಾಕಿದ್ದು, ಓದಿಸಿದ್ದು, ನಿನ್ನ ಮದುವೆ ಊಟ ಹಾಕಿಸಿದ್ದು, ಎಲ್ಲ ಆ ಅಂಟೇ."

"ಇರಬಹುದು ಮಾವ. ನನ್ನ ಹೊಟ್ಟೇಲಿ ಅದು ಬೆಂಕಿ."

ಡಬ್ಬಿ ಮುಚ್ಚಿದರು. ಅತ್ತೆ ಇದ್ದಿದ್ದರೆ ನಡುವೆ ಬಂದು ಏನಾದರೂ ಹೇಳಿ ನಗಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾವಿಬ್ಬರೂ ಹೀಗೆ ಎದುರುಬದುರು ಕೂತದ್ದು ಇದೇ ಮೊದಲು.

ಫೆಬ್ರವರಿ ೩, ಮಂಗಳವಾರ

ಬೆಣ್ಣೆಯ ಡಬ್ಬಿಯಲ್ಲಿ ಬ್ರೆಡ್ಡಿನ ಚೂರು. ನನ್ನ ಬೆಣ್ಣೆ. ನನ್ನ ಡಬ್ಬಿ.

ಅಡುಗೆಮನೆಯನ್ನು ಎರಡು ಪಾಲು ಮಾಡಿದೆ. ಕಿಟಕಿ ಕಡೆ ನನ್ನದು, ಬಾಗಿಲ ಕಡೆ ಅಪ್ಪ ಮಗನದು. ಅವರ ಮೈದಾ ಡಬ್ಬಿ, ಬ್ರೆಡ್ಡು, ಲಟ್ಟಣಿಗೆ ಎಲ್ಲ ಬಾಗಿಲ ಕಡೆಯ ಹಲಗೆಗೆ ಹೋದವು. ಕಾರ್ಖಾನೆಯಲ್ಲಿ ಹೀಗೇ ಮಾಡುತ್ತೇವೆ. ಗಾಜನ್ನು ಮೊದಲು ಒರಟು ಪುಡಿಯಲ್ಲಿ ಉಜ್ಜಿ, ಆಮೇಲೆ ನುಣ್ಣನೆಯ ಪುಡಿಯಲ್ಲಿ ಉಜ್ಜುತ್ತಾರೆ. ಎರಡಕ್ಕೂ ಬೇರೆ ಬೇರೆ ಬೋಗುಣಿ, ಬೇರೆ ನೀರು, ಬೇರೆ ಸ್ಪಂಜು. ಒರಟು ಪುಡಿಯ ಒಂದು ಕಣ ನುಣ್ಣನೆಯದಕ್ಕೆ ಬಿದ್ದರೂ ಅವತ್ತಿನ ಗಾಜೆಲ್ಲ ಕಸದ ಬುಟ್ಟಿಗೆ.

ಮಾವನಿಗೆ ಇದನ್ನು ಹೇಳಿದರೆ, "ನಮ್ಮಜ್ಜಿ ಮಡಿ ಮಡಿ ಅಂತ ಮನೆಯವರನ್ನೆಲ್ಲ ಗೋಳು ಹೊಯ್ಕೋತಿದ್ಲು. ವಿಮಾನ ಹತ್ತಿ ಇಲ್ಲಿಗೆ ಬಂದ್ರೆ ಇಲ್ಲೂ ಮಡಿ" ಎಂದರು.

"ಅಜ್ಜಿ ಮಡೀಲಿ ಮುಟ್ಟಿದ್ರೆ ಒಂದು ಸ್ನಾನದಲ್ಲಿ ಮುಗೀತಿತ್ತು ಮಾವ. ಇಲ್ಲಿ ಮುಟ್ಟಿದ್ರೆ ನಾನು ವಾರಗಟ್ಟಲೆ ಮಲಗ್ಬೇಕು."

ಸಂಜೆ ಅವರು ಬ್ರೆಡ್ಡು ಕೊಯ್ದ ಮೇಲೆ ಕಟ್ಟೆಯನ್ನು ಎರಡು ಸಲ ಒರೆಸಿದರು. ನೋಡಿದರೂ ನೋಡದ ಹಾಗಿದ್ದೆ. ಹಿಟ್ಟಿನ ದೊರೆಗೆ ಅಷ್ಟು ಬೇಗ ಸಲುಗೆ ಕೊಡಬಾರದು.

ಫೆಬ್ರವರಿ ೫, ಗುರುವಾರ

ಬೆಳಗ್ಗೆ ಬಂದ ಗಾಜುಗಳಲ್ಲೆಲ್ಲ ಗೀರು. ಮೇಸ್ತ್ರಿ ಯಾರನ್ನೂ ಬೈಯಲಿಲ್ಲ. ಯಂತ್ರಗಳನ್ನು ನಿಲ್ಲಿಸಿ, ಪ್ರತಿಯೊಬ್ಬರಿಗೂ ತಮ್ಮ ಕೆಲಸವನ್ನು ಬರಿಗೈಯಲ್ಲಿ ಮಾಡಿ ತೋರಿಸಲು ಹೇಳಿದರು. ಗಾಜಿಲ್ಲ, ಪುಡಿಯಿಲ್ಲ, ಕೈಯೋಟ ಮಾತ್ರ. ತಪ್ಪು ಎಲ್ಲಿದೆ ಎಂದು ಕೇಳಿದರೆ ಬಾಯಿ ಸುಳ್ಳು ಹೇಳಬಹುದು, ಕೈಗೆ ಸುಳ್ಳು ಬರುವುದಿಲ್ಲ ಎನ್ನುತ್ತಾರೆ ಅವರು. ನುಣುಪು ಮಾಡುವವನ ಕೈ ನಡುವೆ ತನ್ನಷ್ಟಕ್ಕೆ ಹೋಗಿ ಪ್ಯಾಂಟಿಗೆ ಒರೆಸಿಕೊಂಡಿತು. ಆ ಪ್ಯಾಂಟಿನಲ್ಲಿ ಒರಟು ಪುಡಿ ಇತ್ತು. ಅವನಿಗೇ ಗೊತ್ತಿರಲಿಲ್ಲ. ಅವನಿಗೊಂದು ಮೇಲಂಗಿ ಕೊಟ್ಟರು, ಕೆಲಸ ಮುಂದುವರಿಯಿತು.

ತಿಂದದ್ದು: ಅನ್ನ. ಆದದ್ದು: ಬೇಸರ.

ಫೆಬ್ರವರಿ ೮, ಭಾನುವಾರ

ಮತ್ತೆ ಬೇಟೆಗೆ ಹೊರಟೆ. ಮನೆಯಲ್ಲಿ ಗೋಡೆ ನೋಡಿ ಸಾಕಾಗಿದೆ ಎಂದು ಮಾವನೂ ಬಂದರು. ಊರಾಚೆ ಗ್ಲುಟೆನ್ ಇಲ್ಲದ ತಿನಿಸನ್ನಷ್ಟೇ ಮಾಡುವ ಅಂಗಡಿಯೊಂದಿದೆ ಎಂದು ಡಾಕ್ಟರಮ್ಮ ಹೇಳಿದ್ದರು. ಬಸ್ಸು ಬದಲಿಸಿ ಬದಲಿಸಿ ಹೋದೆವು. ಅಲ್ಲಿ ಎಲ್ಲವೂ ಚೊಕ್ಕಟ. ಯಾವ ಪ್ರಶ್ನೆ ಕೇಳಿದರೂ ಸರಿಯಾದ ಉತ್ತರ. ನಾನು ಕುಣಿಯುವುದೊಂದು ಬಾಕಿ. ಒಂದು ತುಂಡು ಕೇಕು ಕೊಂಡು ಅಲ್ಲೇ ಬೆಂಚಿನ ಮೇಲೆ ಕೂತು ಬಾಯಿಗಿಟ್ಟೆ.

ಒಣಗಿದ ಮಣ್ಣಿನ ಹೆಂಟೆಗೆ ಸಕ್ಕರೆ ಬೆರೆಸಿದರೆ ಹಾಗಿರಬಹುದು.

ಮಾವ ಕೈ ಚಾಚಿದರು. ಮೊದಲು ಮೂಸಿದರು. ಬೆರಳಿನಿಂದ ಒತ್ತಿ ಅದು ಮೇಲೇಳುತ್ತದೋ ಎಂದು ನೋಡಿದರು, ಏಳಲಿಲ್ಲ. ಒಂದು ಚೂರು ಮುರಿದು ತಿಂದರು. ಅವರ ಮುಖದಲ್ಲಿ ಅಂಥ ಅವಮಾನವನ್ನು ನಾನು ಕಂಡಿರಲಿಲ್ಲ.

"ಇದನ್ನ ಕೇಕು ಅಂತ ಮಾರೋದಕ್ಕೆ ಇವರಿಗೆ ಮನಸ್ಸಾದ್ರೂ ಹೇಗೆ ಬಂತು? ನನ್ನ ಸೊಸೆ ಜೀವನ ಪೂರ್ತಿ ಇದನ್ನ ತಿನ್ಬೇಕಾ?"

"ಇದಾದ್ರೂ ಇದೆಯಲ್ಲ ಮಾವ."

"ಇದಾದ್ರೂ ಅನ್ನೋ ಮಾತು ನಮ್ಮ ಅಂಗಡೀಲಿ ಇಲ್ಲ."

ಹಿಂದಿರುಗುವಾಗ ಬಸ್ಸಿನಲ್ಲಿ ಮಿಕ್ಕ ಕೇಕನ್ನು ಬೆರಳಲ್ಲಿ ಪುಡಿ ಮಾಡಿ ನೋಡುತ್ತ ಕೂತಿದ್ದರು. ಇಳಿಯುವಾಗ, "ನಾನು ಮಾಡ್ತೀನಿ" ಎಂದರು. ಬೇಡ ಎಂದೆ. "ಯಾಕೆ, ನನ್ನ ಕೈ ಮೇಲೆ ನಂಬಿಕೆ ಇಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. ಹಿರಿಯರಿಗೆ ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳಬಾರದು ಎಂದು ಗಂಡ ಆಮೇಲೆ ಗೊಣಗಿದ. ಹಿರಿಯರ ಹೊಟ್ಟೆಯಲ್ಲ ಉರಿಯುವುದು, ನನ್ನದು.

ಫೆಬ್ರವರಿ ೧೨, ಗುರುವಾರ

ನಾನು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಪ್ರಯೋಗ ನಡೆಯುತ್ತಿದೆ. ಅಕ್ಕಿ ಹಿಟ್ಟಿನ ಹೊಸ ಪೊಟ್ಟಣ, ಆಲೂಗಡ್ಡೆ ಪಿಷ್ಟ, ಬಾದಾಮಿ ಪುಡಿ, ಎಲ್ಲವೂ ನನ್ನ ಕಡೆಯ ಕಟ್ಟೆಯಲ್ಲಿ, ನನ್ನ ಪಾತ್ರೆಯಲ್ಲಿ. ಕಾಗದದ ಪುಟ್ಟ ಬಟ್ಟಲುಗಳಲ್ಲಿ ಬೇಯಿಸುತ್ತಾರೆ. ಮೊದಲ ದಿನದ್ದನ್ನು ಬಾಗಿಲಿಗೆ ಅಡ್ಡ ಇಡಬಹುದಿತ್ತು. ಎರಡನೆಯ ದಿನದ್ದು ಮುಟ್ಟಿದರೆ ಉದುರಿತು.

"ಹಿಡಿದು ನಿಲ್ಲಿಸೋ ಅಂಟಿಲ್ಲ" ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಇವತ್ತು ಸಂಜೆ ಬಂದಾಗ ಮುಖ ಅರಳಿತ್ತು. ಬೆಳಗ್ಗೆ ಮಲಬದ್ಧತೆಗೆಂದು ಇಸಬ್ಗೋಲ್ ನೀರಿಗೆ ಹಾಕಿಟ್ಟು ಮರೆತಿದ್ದರಂತೆ. ಆಮೇಲೆ ನೋಡಿದರೆ ಲೋಟದೊಳಗೆ ಗಟ್ಟಿ ಲೋಳೆ. "ಹೊಟ್ಟೆ ಬಿಡಿಸೋದು ಹಿಟ್ಟು ಕಟ್ಟುತ್ತೆ ಅಂತ ಯಾರಿಗೆ ಗೊತ್ತಿತ್ತಮ್ಮ" ಎಂದು ಬಟ್ಟಲು ಕೊಟ್ಟರು. ಉಬ್ಬಿತ್ತು. ಒತ್ತಿದರೆ ಮೇಲೆದ್ದಿತು. ಇಸಬ್ಗೋಲ್ ಪೊಟ್ಟಣದ ಮೇಲಿನ ಅಕ್ಷರ ಒಂದೂ ಬಿಡದೆ ಓದಿ ಒಂದು ಚೂರು ತಿಂದೆ. ರಾತ್ರಿಯವರೆಗೆ ಕಾದೆ. ಏನೂ ಆಗಲಿಲ್ಲ. ಮಾವನಿಗೆ ಹೇಳಿದ್ದಕ್ಕೆ, ಹಾಗಾದರೆ ಭಾನುವಾರ ದೊಡ್ಡ ಟಿನ್ನಿನಲ್ಲಿ ಎಂದರು.

ಫೆಬ್ರವರಿ ೧೫, ಭಾನುವಾರ

ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಹೊಸ ಟಿನ್ನು ನಾನೇ ತಂದೆ. ಹೊಸ ಚಮಚ, ಹೊಸ ಬಟ್ಟೆ. ಓವನ್ ನಾನೇ ಉಜ್ಜಿದೆ. ಮಾವನ ಉಗುರುಗಳನ್ನು ಕೂಡ ನೋಡಿದೆ, ಅವರು ಶಾಲೆಯ ಹುಡುಗನಂತೆ ಎರಡೂ ಕೈ ಮುಂದೆ ಚಾಚಿ ನಿಂತರು. ಅಂಗೈ ತುಂಬ ಹಳೆಯ ಸುಟ್ಟ ಗುರುತುಗಳು. ಆಮೇಲೆ ಅವರು, "ನೀನು ಹೀಗೆ ಪೊಲೀಸಿನವರ ಥರ ನಿಂತ್ರೆ ನನ್ನ ಕೈ ಓಡಲ್ಲಮ್ಮ. ಹೋಗು, ಬಟ್ಟೆ ಒಣಗಿಸು" ಎಂದರು. ಹೋದೆ. ಬಟ್ಟೆ ಒಣಗಿಸುತ್ತಿದ್ದಾಗ ಒಳಗಿನಿಂದ ಮೊಟ್ಟೆ ಬಡಿಯುವ ಸದ್ದು, ಟಿನ್ನಿನ ತಳ ತಟ್ಟುವ ಸದ್ದು, ಅವರು ಯಾವುದೋ ರಾಗ ಗುನುಗುವುದು ಎಲ್ಲ ಕೇಳುತ್ತಿತ್ತು. ಕಾಯಿಲೆ ಗೊತ್ತಾದ ಮೇಲೆ ನನಗಾಗಿ ಇನ್ನೊಬ್ಬರು ಏನನ್ನೋ ಮಾಡುತ್ತಿದ್ದಾರೆ, ನಾನು ನೋಡುತ್ತಿಲ್ಲ ಎಂಬುದು ಇದೇ ಮೊದಲು.

ಕೇಕು ಹೊರಗೆ ಬಂತು. ಟಿನ್ನು ಬೋರಲು ಹಾಕಿದರೆ ಒಂದು ಚೂರೂ ಅಂಟದೆ ಸಲೀಸಾಗಿ ಇಳಿಯಿತು. ಅಂಚು ಕೆಂಪಗೆ, ನಡುವೆ ಹಳದಿ. ಮೂವರೂ ಒಂದೇ ತಟ್ಟೆಯ ಸುತ್ತ ಕೂತೆವು. ಮೊದಲ ತುಂಡು ಬಾಯಿಗಿಟ್ಟವಳು ಅತ್ತುಬಿಟ್ಟೆ. ನಾನು ಅಳುವುದು ನೋಡಿ ಗಂಡನಿಗೆ ಗಾಬರಿ. ಮಾವ ಮಾತ್ರ ತಟ್ಟೆಯನ್ನು ನನ್ನ ಕಡೆಗೆ ದೂಡಿ, "ತಿನ್ನು, ತಿನ್ನು, ಅಳೋದು ಆಮೇಲೆ" ಎಂದರು. ನಾಚಿಕೆ ಬಿಟ್ಟು ತಿಂದೆ. ಅಂಚಿನದನ್ನು ಆರಿಸಿ ಆರಿಸಿ ತಿಂದೆ.

ತಿಂದದ್ದು: ಕೇಕು. ಆದದ್ದು: ಸಂತೋಷ. ಡಾಕ್ಟರಮ್ಮನಿಗೆ ಈ ಸಾಲನ್ನು ಓದಿ ಹೇಳುತ್ತೇನೆ.

ಫೆಬ್ರವರಿ ೧೬, ಸೋಮವಾರ

ವಾಂತಿ. ರಜೆ ಹಾಕಿದೆ. ಕೂರಲಾಗುತ್ತಿಲ್ಲ.

ಫೆಬ್ರವರಿ ೧೮, ಬುಧವಾರ

ಇವತ್ತು ಗಂಜಿ ಹೊಟ್ಟೆಯಲ್ಲಿ ನಿಂತಿತು.

ಎರಡು ದಿನ ಮಲಗಿದಲ್ಲೇ ಎಲ್ಲವನ್ನೂ ಅನುಮಾನಿಸಿದೆ. ಅಕ್ಕಿ ಹಿಟ್ಟು, ಬಾದಾಮಿ, ಇಸಬ್ಗೋಲ್. ಪೊಟ್ಟಣಗಳನ್ನೆಲ್ಲ ಹಾಸಿಗೆಗೆ ತರಿಸಿ ಓದಿದೆ. ಗುರುವಾರ ಅವನ್ನೇ ತಿಂದಿದ್ದೆ, ಏನೂ ಆಗಿರಲಿಲ್ಲ. ಗಂಡ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, "ಇಲ್ಲಿಗೆ ಸಾಕು. ಇನ್ನು ಕೇಕೂ ಬೇಡ, ಏನೂ ಬೇಡ. ಹಣ್ಣು ತಿನ್ನು" ಎಂದ. ಕೈಯಲ್ಲಿ ಶಕ್ತಿ ಇದ್ದಿದ್ದರೆ ಆ ಬಟ್ಟೆಯನ್ನು ಅವನ ಮೇಲೇ ಎಸೆಯುತ್ತಿದ್ದೆ. ಮಾವ ಬಾಗಿಲ ತನಕ ಬಂದು ನಿಂತು ನಿಂತು ಹೋಗುತ್ತಿದ್ದರು.

ಮಧ್ಯಾಹ್ನ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಮಾವನನ್ನು ಕರೆದೆ. "ಭಾನುವಾರ ಮಾಡಿದ್ದನ್ನ ಇನ್ನೊಂದ್ಸಲ ಮಾಡಿ ತೋರ್ಸಿ ಮಾವ. ಬರಿಗೈಯಲ್ಲಿ. ಹಿಟ್ಟಿಲ್ಲ, ಮೊಟ್ಟೆ ಇಲ್ಲ. ಏನೂ ಯೋಚನೆ ಮಾಡ್ಬೇಡಿ, ಕೈ ಹೇಗೆ ಹೋಗುತ್ತೋ ಹಾಗೆ ಬಿಡಿ."

"ಇದೇನಮ್ಮ ನಾಟಕ?"

"ಕಾರ್ಖಾನೇಲಿ ಗೀರು ಹುಡುಕೋದು ಹೀಗೇ."

ಅವರು ಶುರು ಮಾಡಿದರು. ಇಲ್ಲದ ಮೊಟ್ಟೆ ಒಡೆದರು, ಇಲ್ಲದ ಸಕ್ಕರೆ ಬಡಿದರು. ಮೊದಮೊದಲು ಸಂಕೋಚವಿತ್ತು, ಆಮೇಲೆ ಕೈಗೆ ಲಯ ಬಂತು, ರಾಗವೂ ಬಂತು. ಖಾಲಿ ಟಿನ್ನು ತೆಗೆದು ಒಳಗೆಲ್ಲ ಬೆಣ್ಣೆ ಸವರುವಂತೆ ಬೆರಳು ಆಡಿಸಿದರು. ಟಿನ್ನು ಎಡಗೈಯಲ್ಲಿತ್ತು. ಬಲಗೈ ಬಾಗಿಲ ಕಡೆಯ ಹಲಗೆಗೆ ಹೋಯಿತು. ಮೈದಾ ಡಬ್ಬಿಯ ಮುಚ್ಚಳ ತೆರೆಯಿತು. ಒಂದು ಚಿಟಿಕೆ ತೆಗೆದು ಟಿನ್ನಿನೊಳಗೆ ಉದುರಿಸಿ, ಟಿನ್ನನ್ನು ತಿರುಗಿಸಿ, ತಳವನ್ನು ಟಪಟಪ ತಟ್ಟಿ ಹೆಚ್ಚಾದದ್ದನ್ನು ಕೆಡವಿತು. ಮಾವ ರಾಗ ಹಾಡುತ್ತಲೇ ಇದ್ದರು. ಮುಂದಿನ ಕೆಲಸಕ್ಕೆ ತಿರುಗಿಯೂ ಆಗಿತ್ತು.

"ಮಾವ" ಎಂದೆ.

ನಿಂತರು. ನನ್ನ ಮುಖ ನೋಡಿದರು, ತೆರೆದ ಡಬ್ಬಿ ನೋಡಿದರು, ಆಮೇಲೆ ತಮ್ಮ ಬೆರಳು ನೋಡಿಕೊಂಡರು. ತುದಿಯಲ್ಲಿ ಬೆಳ್ಳಗೆ ಮೈದಾ ಅಂಟಿತ್ತು.

"ಅದು... ಅದು ಕೇಕಿಗೆ ಹಾಕೋದಲ್ಲಮ್ಮ. ಟಿನ್ನಿಗೆ ಅಂಟದೆ ಇರಲಿ ಅಂತ. ಅದನ್ನ ನಾನು ಹಾಕ್ದೆ ಅಂತಾನೇ ನನಗೆ..." ಅಲ್ಲೇ ಸ್ಟೂಲಿನ ಮೇಲೆ ಕುಸಿದು, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು.

ಗುರುವಾರದ್ದು ಕಾಗದದ ಬಟ್ಟಲು, ಅದಕ್ಕೆ ಮೈದಾ ಉದುರಿಸಿರಲಿಲ್ಲ. ಭಾನುವಾರ ಮೈದಾ ಹತ್ತಿದ ಅಂಚಿನದನ್ನೇ ಆರಿಸಿ ತಿಂದಿದ್ದೆ. ನನಗೆ ಸಿಟ್ಟು ಬರಬೇಕಿತ್ತು. ಕಾದು ನೋಡಿದೆ, ಬರಲಿಲ್ಲ. ಗೀರು ಎಲ್ಲಿಂದ ಬಂತೆಂದು ಗೊತ್ತಾದಾಗ ಆಗುವ ನೆಮ್ಮದಿಯೇ ಆಯಿತು. ಅದನ್ನು ಅವರಿಗೆ ಹೇಳೋಣವೆಂದರೆ, ಅವರು ಎದ್ದು ಕೈ ತೊಳೆಯುತ್ತಿದ್ದರು. ಸೋಪು ಹಾಕಿ ತೊಳೆದರು, ಮತ್ತೆ ಸೋಪು ಹಾಕಿ ತೊಳೆದರು.

ಫೆಬ್ರವರಿ ೨೦, ಶುಕ್ರವಾರ

ಕೆಲಸಕ್ಕೆ ಹೋದೆ. ಟೀ ಹೊತ್ತಿಗೆ ಕಿತ್ತಳೆ ಬಂತು. ಮುಂದಿನ ಶುಕ್ರವಾರ ಸರದಿ ನನ್ನದು. ಅಯ್ಯೋಪಾಪ ನನ್ನ ಭುಜ ಸವರಿ, "ಪಾಪ, ಇಷ್ಟು ಸೊರಗಿ ಹೋಗಿದೀಯ. ನೀನೇನೂ ತರೋದು ಬೇಡ. ನಿನ್ನ ಸರದೀನೂ ನಾನೇ ಮಾಡ್ತೀನಿ" ಎಂದಳು. ಅವಳ ಮನಸ್ಸು ಒಳ್ಳೆಯದು, ಅದು ನನಗೂ ಗೊತ್ತು. ಆದರೂ ಕಿತ್ತಳೆಯನ್ನು ಅವಳ ಕೈಗೇ ವಾಪಸು ಇಟ್ಟು, "ಮುಂದಿನ ವಾರ ಕೇಕು ತರ್ತೀನಿ. ನಾನೂ ಅದನ್ನೇ ತಿಂತೀನಿ. ನನಗೆ ಕಿತ್ತಳೆ ಬೇಡ" ಎಂದೆ. ಮೇಸ್ತ್ರಿ ಟೀ ಲೋಟದ ಹಿಂದೆ ನಕ್ಕ ಹಾಗಿತ್ತು.

ಮನೆಗೆ ಬಂದರೆ ಮಾವ ಪೆಟ್ಟಿಗೆ ಕಟ್ಟುತ್ತಿದ್ದರು. ಭಟ್ಟಿ ಕೆಲಸ ಮುಗಿಯುತ್ತ ಬಂತಂತೆ, ಮೈದುನನಿಗೆ ಒಬ್ಬನಿಗೇ ಕಷ್ಟವಂತೆ. ಬೆಳಗ್ಗೆ ಮೈದುನನ ಹತ್ತಿರ ನಾನೇ ಮಾತಾಡಿದ್ದೆ, ಅಲ್ಲಿನ್ನೂ ಇಟ್ಟಿಗೆಯೇ ಬಂದಿಲ್ಲ.

"ಮಾವ, ಶುಕ್ರವಾರಕ್ಕೆ ಕೇಕು ಬೇಕು. ಕಾರ್ಖಾನೆಯವರಿಗೆಲ್ಲ ಆಗುವಷ್ಟು."

"ಈ ಕೈಯಿಂದ ಬೇಡಮ್ಮ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇದು ಸುಟ್ಟುಕೊಂಡೇ ಕಲ್ತಿರೋ ಕೈ. ನಾನು ಎಷ್ಟು ಎಚ್ಚರ ಇದ್ರೂ ಅದು ತನ್ನ ದಾರಿ ಹಿಡಿಯುತ್ತೆ. ನಿನ್ನನ್ನ ಮತ್ತೆ ಹಾಸಿಗೆ ಹತ್ತಿಸಿ ನಾನು ಊರಿಗೆ ಹೇಗೆ ಹೋಗ್ಲಿ?"

"ಕೈ ತನ್ನ ದಾರಿ ಹಿಡೀಲಿ ಮಾವ. ಕೈ ಹೋದ ಕಡೆ ಮೈದಾ ಇರ್ಬಾರ್ದು, ಅಷ್ಟೇ."

ಅವರೆದುರಿಗೇ ಬಾಗಿಲ ಕಡೆಯ ಹಲಗೆ ಖಾಲಿ ಮಾಡಿದೆ. ಮೈದಾ, ಬ್ರೆಡ್ಡು, ಅವರು ತಂದಿದ್ದ ಬಿಸ್ಕತ್ತು, ಎಲ್ಲವನ್ನೂ ಕೆಳಮನೆಯವರಿಗೆ ಕೊಟ್ಟು ಬಂದೆ. ಹಲಗೆ ತೊಳೆದೆ. ಮೈದಾ ಡಬ್ಬಿ ಇದ್ದ ಜಾಗದಲ್ಲೇ ಹೊಸ ಡಬ್ಬಿ ಇಟ್ಟು ತುಂಬ ಅಕ್ಕಿ ಹಿಟ್ಟು ಸುರಿದೆ. ಗಂಡ ಬಂದು, ಬ್ರೆಡ್ಡೆಲ್ಲಿ ಎಂದ. ಇನ್ನು ಮೇಲೆ ಬಸ್ ಡಿಪೋದಲ್ಲಿ ತಿಂದು ಬಾಯಿ ತೊಳೆದುಕೊಂಡು ಬಾ ಎಂದೆ. ಅವನು ಅಪ್ಪನ ಮುಖ ನೋಡಿದ. ಅಪ್ಪ, "ಅವಳು ಹೇಳಿದ ಹಾಗೆ ಮಾಡೋ" ಎಂದರು. ಪೆಟ್ಟಿಗೆ ಮಂಚದ ಕೆಳಗೆ ಹೋಯಿತು.

ಫೆಬ್ರವರಿ ೨೬, ಗುರುವಾರ

ಕೇಕಿನ ಸಂಜೆ. ಮಾವ, "ಇವತ್ತು ನೀನು ಪಕ್ಕದಲ್ಲೇ ನಿಂತ್ಕೋಬೇಕು. ಪೊಲೀಸಿನವರ ಥರಾನೇ ನಿಂತ್ಕೋ" ಎಂದರು. ಇಸ್ತ್ರಿ ಮಾಡುವುದು ಬೇಕಾದಷ್ಟಿತ್ತು, ಹಾಗಾಗಿ ಹೊರಗಿನ ಕೋಣೆಯಲ್ಲೇ ಇದ್ದೆ. ಒಳಗೆ ರಾಗವಿಲ್ಲ, ಮೊಟ್ಟೆ ಬಡಿಯುವ ಸದ್ದೊಂದೇ. ಆಮೇಲೆ ಡಬ್ಬಿಯ ಮುಚ್ಚಳ ತೆರೆದ ಸದ್ದು. ಟಪಟಪ.

"ಅಮ್ಮಾ" ಎಂದು ಕೂಗಿದರು. "ಕೈ ಡಬ್ಬಿಗೆ ಹೋಯ್ತು ನೋಡು. ಬೇಡ ಬೇಡ ಅಂದ್ಕೊಂಡೇ ಇದ್ದೆ, ಆದ್ರೂ ಹೋಯ್ತು."

"ಹೋಗ್ಲಿ ಬಿಡಿ ಮಾವ. ಅದು ಅಕ್ಕಿ" ಎಂದು ಅಂಗಿಯ ಕಾಲರಿಗೆ ನೀರು ಚಿಮುಕಿಸಿದೆ. ಒಳಗೆ ರಾಗ ಶುರುವಾಯಿತು.

ಫೆಬ್ರವರಿ ೨೭, ಶುಕ್ರವಾರ

ಟೀ ಮೇಜನ್ನು ನಾನೇ ಒರೆಸಿದೆ. ತಟ್ಟೆ ನನ್ನದು, ಚಾಕು ನನ್ನದು. ಅಯ್ಯೋಪಾಪ ಬ್ಯಾಗಿನಲ್ಲಿ ಕೈ ಹಾಕಿ ಏನನ್ನೋ ತೆಗೆಯಲು ಹೋದವಳು ನನ್ನ ಮುಖ ನೋಡಿ ಬರಿಗೈ ಹೊರತೆಗೆದಳು. ಇನ್ನೊಬ್ಬಳು ಮನೆಯಿಂದ ತಂದ ಬನ್ನನ್ನು ನನ್ನ ತಟ್ಟೆಯ ಅಂಚಿಗೆ ಇಡಲು ಬಂದಳು. ಕೈ ಅಡ್ಡ ಹಿಡಿದು, "ಈ ತಟ್ಟೆಗೆ ಬೇರೇನೂ ಬರೋ ಹಾಗಿಲ್ಲ. ಇವತ್ತು ನೀವೆಲ್ಲ ನನ್ನ ಪಥ್ಯ ಮಾಡ್ಬೇಕು" ಎಂದೆ. ನಕ್ಕರು, ಆದರೆ ಬನ್ನು ಹಿಂದೆ ಹೋಯಿತು.

ಎಲ್ಲರ ಕೈ ಬರುವ ಮೊದಲು ನನ್ನ ಕೈ ಹಾಕಿದೆ. ಆಮೇಲೆ ಎಲ್ಲರೂ ಹಾಕಿದರು. ಮೇಸ್ತ್ರಿ ತುಂಡನ್ನು ದೀಪಕ್ಕೆ ಹಿಡಿದು, "ಗೀರಿಲ್ಲ" ಎಂದರು. ಅಯ್ಯೋಪಾಪ ಎರಡನೆಯದು ತೆಗೆದುಕೊಳ್ಳುತ್ತ, ಇದು ಯಾವ ಅಂಗಡಿಯದು ಎಂದು ಕೇಳಿದಳು. ನಮ್ಮ ಮಾವನ ಕೈಯದು ಎಂದೆ. ನನಗೆ ಮಾಡಲು ಹೇಳಿಕೊಡುತ್ತಾರಾ ಎಂದಳು. ಬಾ, ಆದರೆ ಬರುವಾಗ ಉಗುರು ಕತ್ತರಿಸಿಕೊಂಡು ಬಾ ಎಂದೆ.

ಮಾರ್ಚ್ ೧, ಭಾನುವಾರ

ನಿನ್ನೆಯೂ ಇಂದೂ ಮಾವ ಕಣ್ಣು ಬಿಟ್ಟೊಡನೆ ಕೇಳಿದ್ದು ಒಂದೇ, "ಹೊಟ್ಟೆ ಹೇಗಿದೆ?" ಚೆನ್ನಾಗಿದೆ ಎಂದರೂ ನಂಬದೆ ನನ್ನ ಮುಖವನ್ನೇ ನೋಡುತ್ತಾರೆ.

ಮಧ್ಯಾಹ್ನ ಅಡುಗೆಮನೆ ಜೋಡಿಸುವಾಗ ನನ್ನ ಕಡೆಯ ಕಟ್ಟೆಯಲ್ಲಿ, ಬಟ್ಟಲ ಕೆಳಗೆ ಮುಚ್ಚಿಟ್ಟ ಕೇಕಿನ ತುಂಡುಗಳು ಸಿಕ್ಕವು. ಗುರುವಾರ ಮನೆಗೆಂದು ಮೂವರಿಗೂ ಎತ್ತಿಟ್ಟದ್ದರಲ್ಲಿ ಮಾವನ ಪಾಲು. ಮುಟ್ಟೇ ಇರಲಿಲ್ಲ.

"ಇದ್ಯಾಕೆ ಮಾವ ಹಾಗೇ ಇದೆ?"

"ತಿನ್ನೋಣ, ತಿನ್ನೋಣ. ಮಾಡಿದವನು ಕೊನೆಗೆ ತಿನ್ಬೇಕು."

"ಎಲ್ಲರೂ ತಿಂದು ಎರಡು ದಿನ ಆಯ್ತಲ್ಲ."

"ನಿನಗೆ ಏನೂ ಆಗಿಲ್ಲ ಅಂತ ಗೊತ್ತಾಗ್ದೆ ನನ್ನ ಗಂಟಲಲ್ಲಿ ಅದು ಹೇಗಮ್ಮ ಇಳಿಯುತ್ತೆ?" ಎಂದರು. ಕಿಟಕಿಯ ಕಡೆ ನೋಡುತ್ತ ಎಂದರು.

ತಟ್ಟೆ ತಂದು ಅವರ ಮುಂದೆ ಇಟ್ಟು ನಾನೂ ಎದುರು ಕೂತೆ. ತಿನ್ನಿ ಎಂದೆ. ಅವರು ಬಲಗೈಯಿಂದ ಒಂದು ತುಂಡು ಮುರಿದರು. ಅರ್ಧ ತಮ್ಮ ಬಾಯಿಗಿಟ್ಟು ಇನ್ನರ್ಧವನ್ನು ನನ್ನ ಕಡೆ ಚಾಚಿದರು. ಆ ಕೈಯನ್ನು ತಿರುಗಿಸಿ ನೋಡಬೇಕೆಂದು ನನಗೆ ಹೊಳೆದದ್ದು ಈಗ, ಇದನ್ನು ಬರೆಯುವಾಗ. ಆಗ ತೆಗೆದುಕೊಂಡು ತಿಂದುಬಿಟ್ಟೆ.

ಮಾವ ನಿಧಾನವಾಗಿ ಅಗಿದು ನುಂಗಿದರು. "ಒಂಚೂರು ಒಣಗಿದೆ" ಎಂದರು. "ಮುಂದಿನ ಸಲ ಸರಿ ಮಾಡ್ತೀನಿ."

ತಿಂದದ್ದು: ಕೇಕು, ಮಾವನ ಪಾಲಿನದು. ಆದದ್ದು: ಏನೂ ಇಲ್ಲ.